ಮಾವ ಹಾಕಿದ ಆಯಿಲ್

ತಮಿಳುನಾಡಿನ ಕನ್ನಡದವರಾದ ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದು ಸೋದರಮಾವನ ಮಡಿಲಲ್ಲಿ. ನನ್ನದೂ ಹಾಗೆಯೇ ಆಗಿತ್ತು. ಬೋಡಿನಾಯಕನೂರಿನಲ್ಲಿ ಲಾರಿ ರಿಪೇರಿ ಶೆಡ್ ಇಟ್ಟಿರುವ, ಅಳಿಯನಾದ ನನ್ನನ್ನು ತಮಿಳರಂತೆ ಮಾಪ್ಳೆ ಎಂದೇ ಕರೆಯುವ ಆ ಮಾವನ ಲೆಕ್ಕದಲ್ಲಿ ಮನೆಗೆ ಬಂದ ಗಾಡಿಯೂ ಮಗುವೇ. ಅದಕ್ಕೆ ಮೊದಲ ಆಯಿಲ್ ಹಾಕುವ ಹಕ್ಕು ಅವರದು. ಅಪ್ಪನ ಟ್ರ್ಯಾಕ್ಟರಿನಿಂದ ಹಿಡಿದು ಎಲ್ಲದಕ್ಕೂ ಅವರೇ ಹಾಕಿದ್ದರು.

ಕೊಡೈಕಾನಲ್‌ನಿಂದ ಕ್ಯಾರೆಟ್ಟು, ಕೋಸು ಇಳಿಸಲು ನಾನು ಹೊಸ ಮಿನಿ ಲಾರಿ ತಂದೆ. ದುಡಿಯುವ ಗಾಡಿಗೆ ವಾರಂಟಿ ಕಟ್ಟುನಿಟ್ಟು, ಹೊರಗಿನವರು ಒಂದು ಬೋಲ್ಟು ಬಿಚ್ಚಿದರೂ ನಾವು ಜವಾಬ್ದಾರರಲ್ಲ ಎಂದು ದಿಂಡಿಗಲ್ ಶೋರೂಮಿನವರು ಎರಡೆರಡು ಸಲ ಹೇಳಿದ್ದರು. ಮೊದಲ ಸರ್ವೀಸನ್ನು ಅಲ್ಲೇ ಮಾಡಿಸಿ, ಪುಸ್ತಕಕ್ಕೆ ಸೀಲು ಹಾಕಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ನೋಡಿದರೆ ಮಾವ ಗಾಡಿಯ ಕೆಳಗೆ ಮಲಗಿದ್ದಾರೆ! ಶೋರೂಮಿನವರು ಹಾಕಿದ್ದ ಹೊಸ ಗೇರ್ ಆಯಿಲನ್ನು ಪೂರ್ತಿ ಇಳಿಸಿ, ಅಂಥದ್ದೇ ಆಯಿಲನ್ನು ತಮ್ಮ ಕೈಯಾರೆ ತುಂಬಿದರು. ಬೇಡ ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ.

ಕೆಲವು ತಿಂಗಳ ಮೇಲೆ, ಕ್ಯಾರೆಟ್ ಸೀಸನ್ನಿನ ನಡುವೆ, ಬತ್ತಲಗುಂಡಿಗೆ ಇಳಿಯುವ ಘಾಟಿಯಲ್ಲಿ ಗೇರ್‌ಬಾಕ್ಸ್ ಕರಕರ ಸದ್ದು ಮಾಡಿ ನಿಂತೇಹೋಯಿತು. ಗಾಡಿಯನ್ನು ಎಳೆಸಿಕೊಂಡು ದಿಂಡಿಗಲ್‌ಗೆ ಹೋದೆ. ನಾನು ಕರೆಯದಿದ್ದರೂ ಮಾವ ಜೊತೆಗೆ ಬಂದರು.

ಶೋರೂಮಿನ ಇನ್‌ಸ್ಪೆಕ್ಟರ್ ಗೇರ್‌ಬಾಕ್ಸ್ ಬಿಚ್ಚಿಸಿ ನೋಡಿದ. ಒಳಗಿನ ಬೇರಿಂಗ್ ತಯಾರಾದಾಗಲೇ ಸರಿಯಿರಲಿಲ್ಲ, ಆಯಿಲ್ ಚೆನ್ನಾಗಿಯೇ ಇದೆ ಎಂದ. ಮಾವನ ಮುಖ ಅರಳಿತು. ಆಮೇಲೆ ಆತ ಆಯಿಲ್ ಇಳಿಸುವ ಬೋಲ್ಟನ್ನು ತೋರಿಸಿದ. ಬಿಗಿದ ಮೇಲೆ ಶೋರೂಮಿನವರು ಅದಕ್ಕೆ ಬಳಿದಿದ್ದ ಹಳದಿ ಗುರುತು ಒಡೆದಿತ್ತು. ಇದನ್ನು ಬಿಚ್ಚಿದ್ದು ಯಾರು, ಅದನ್ನು ಬರೆಯದೆ ಫಾರಂ ಮುಂದೆ ಹೋಗುವುದಿಲ್ಲ ಎಂದ. ನಡುದಾರಿಯಲ್ಲಿ ಆಪತ್ತಿಗೆ ಬಿಚ್ಚಿಸಿದ್ದರೆ ಪರವಾಗಿಲ್ಲ ಎಂದೂ ಸೇರಿಸಿದ.

ವಾರಂಟಿ ತಪ್ಪಿದರೆ, ರಿಪೇರಿಯ ದುಡ್ಡು ಹೊಂದಿಸಲಾಗದೆ, ಸೀಸನ್ ಮುಗಿಯುವ ತನಕ ಗಾಡಿ ಏಳುವಂತಿರಲಿಲ್ಲ. ಮಾವ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಕಡೆ ತಿರುಗಲಿಲ್ಲ.

"ಯಾರೋ ದಾರಿಯಲ್ಲಿದ್ದವನು, ಸಾರ್" ಎಂದು ತಮಿಳಿನಲ್ಲಿ ಹೇಳಿದೆ. "ಆಯಿಲ್ ಸೋರುತ್ತಿತ್ತು. ಅವನಿಗೆ ಕೆಲಸ ಗೊತ್ತಿದೆಯೋ ಇಲ್ಲವೋ, ಅದೂ ತಿಳಿಯದು."

ಕೊನೆಯ ಮಾತು ಬೇಕಿರಲಿಲ್ಲ. ಸುಳ್ಳು ನಂಬುವಂತಿರಲಿ ಎಂದು ಸೇರಿಸಿದ್ದೆ. ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡ, ನಾನು ಸಹಿ ಮಾಡಿದೆ. ವಾರಂಟಿ ಸಿಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ಕೂತರು. ಇಳಿಯುವಾಗ ಊಟ ಮಾಡಿ ಹೋಗು ಎಂದರು, ಅಷ್ಟೇ.

ಮುಂದಿನ ಸರ್ವೀಸಿನ ಸಮಯಕ್ಕೆ ನಾನೇ ಗಾಡಿಯನ್ನು ಅವರ ಶೆಡ್ಡಿನ ಮುಂದೆ ನಿಲ್ಲಿಸಿದೆ. ಬಾಯಲ್ಲಿ ಕ್ಷಮೆ ಕೇಳಲು ಬಾರದವನ ಉಪಾಯ ಅದು. ಮಾವ ಹೊರಗೆ ಬಂದು ಬಾನೆಟ್ಟಿನ ಮೇಲಿದ್ದ ಧೂಳನ್ನು ಟವೆಲಿನಲ್ಲಿ ಒರೆಸಿದರು.

"ವಂಡಿನ ದಿಂಡಿಗಲ್ಲಿಗೇ ತಕ್ಕೊಂಡೋಗು ಮಾಪ್ಳೆ" ಎಂದರು. "ದಾರೀಲಿರೋನ್ಗೆ ಕೆಲ್ಸ ಗೊತ್ತೋ ಇಲ್ವೋ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ವಾರಂಟಿ ಮುಗಿದು ಈಗ ವರ್ಷವಾಯಿತು. ಗಾಡಿ ಇನ್ನೂ ದಿಂಡಿಗಲ್ಲಿಗೇ ಹೋಗುತ್ತಿದೆ.