ಸದಾನಂದ ಹೇಳಿದ ಹತ್ತು ನಿಮಿಷ

ವೆಸ್ಟ್ ಮಾಂಬಲಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕುಂದಾಪುರ ಕಡೆಯ ಸದಾನಂದ ಇಪ್ಪತ್ತಾರು ವರ್ಷದಿಂದ ಸೂಪರ್‌ವೈಸರ್. ಭಾನುವಾರ ಬೆಳಿಗ್ಗೆ ಟೇಬಲ್ ಸಿಗದೆ ಗಿರಾಕಿ ಬೇಸತ್ತು ಹೊರಟರೆ ಅವನು ಬೀದಿಗಿಳಿದು, ‘ಹತ್ತೇ ನಿಮಿಷ ಸಾರ್, ಈಗ ಖಾಲಿ ಆಗ್ತದೆ’ ಎಂದು ವಾಪಸು ಕರೆತರುತ್ತಿದ್ದ. ಆ ಹತ್ತು ನಿಮಿಷ ಅರ್ಧ ಗಂಟೆಯಾದರೂ ಯಾರೂ ಜಗಳಕ್ಕೆ ಬಂದದ್ದಿಲ್ಲ. ಬಾಗಿಲಿಗೆ ಬಂದವರು ಉಣ್ಣದೆ ಹೋದರೆ ಅವನಿಗೆ ಆ ದಿನವಿಡೀ ಸಮಾಧಾನ ಇರುತ್ತಿರಲಿಲ್ಲ.

ಹೋಟೆಲಿನವರು, ಕಾಯಂ ಗಿರಾಕಿಗಳು ಸೇರಿ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಮೂರು ಗಂಟೆ ದೂರದ ಒಂದು ಬೆಟ್ಟದ ದೇವಸ್ಥಾನಕ್ಕೆ ಹೋಗುವುದು ರೂಢಿ. ಹಾಸನ ಕಡೆಯ ಜಾನಕಮ್ಮ ಈ ಸಲ ಮೊದಲ ಬಾರಿ ಬಂದಿದ್ದರು. ದಿನಾ ಸಂಜೆ ಸಕ್ಕರೆ ಕಮ್ಮಿ ಕಾಫಿ ಕುಡಿದು, ಇದರಲ್ಲಿ ಕಾಫಿಯೂ ಕಮ್ಮಿ ಎಂದು ಸದಾನಂದನ ಕಾಲೆಳೆಯುತ್ತಿದ್ದ ಹೆಂಗಸು.

ಬೆಟ್ಟದ ಮೇಲೆ ಕಂಬಿಗಳ ನಡುವಿನ ದರ್ಶನದ ಸಾಲು ನಾಲ್ಕು ಗಂಟೆ ಕಾಲ ಕಾದರೂ ಅಲುಗಲಿಲ್ಲ. ಜಾನಕಮ್ಮ ಕಾಲು ನೋವೆಂದು ಕೆಳಗಿಳಿಯಲು ಹೊರಟರು. ಅವರ ಹಿಂದೆ ಇನ್ನೂ ಹತ್ತಾರು ಜನ ತಿರುಗಿದರು. ಆಗ ಸದಾನಂದನ ಬಾಯಿ ಸುಮ್ಮನಿರಲಿಲ್ಲ. ‘ಹೋಗ್ಬೇಡಿ ಅಮ್ಮಾ, ಹತ್ತೇ ನಿಮಿಷ, ಈಗ ಬಿಡ್ತಾರೆ’ ಎಂದ. ಅದನ್ನೇ ತಮಿಳಿನಲ್ಲೂ ಕೂಗಿ ಹೇಳಿದ. ಯಾವಾಗ ಬಿಡುತ್ತಾರೆಂದು ಅವನಿಗೇನು ಗೊತ್ತಿತ್ತು? ಎಲ್ಲರೂ ನಿಂತರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ನೂಕು ಬಂತು. ಪಕ್ಕದ ಗೇಟಿಗೆ ಬೀಗ, ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಒಂಬತ್ತು ಜನ ಸತ್ತರು. ಅವರಲ್ಲಿ ಜಾನಕಮ್ಮನೂ ಒಬ್ಬರು.

ಭಕ್ತರಿಗೆ ಶಿಸ್ತಿಲ್ಲ ಎಂದು ದೇವಸ್ಥಾನದವರು ಅಂದೇ ಕೈತೊಳೆದುಕೊಂಡರು. ಸರ್ಕಾರ ಒಬ್ಬ ಅಧಿಕಾರಿಯಿಂದ ವಿಚಾರಣೆಗೆ ಆದೇಶಿಸಿತು. ಹದಿನೈದು ದಿನದ ಮೇಲೆ ಜಾನಕಮ್ಮನ ಮಗ ಧನುಷ್ ಪೆರುಂಗುಡಿಯ ಆಫೀಸಿನಿಂದ ನೇರ ಸದಾನಂದನ ಮನೆಗೆ ಬಂದ.

‘ಅಂಕಲ್, ಗೇಟಿಗೆ ಬೀಗ ಹಾಕಿತ್ತು ಅಂತ ವಿಚಾರಣೆಯಲ್ಲಿ ಹೇಳಿ. ಕಣ್ಣಾರೆ ಕಂಡವರು ನೀವು. ಅಷ್ಟು ಸಾಕು.’

ಅಷ್ಟೇ ಹೇಳಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಡತಿ ಸುಗುಣಾ ಬೇಡವೆಂದು ತಲೆಯಾಡಿಸಿದಳು. ‘ಕೇಳದ್ದನ್ನ ಹೇಳುದು ಎಂತಕ್ಕೆ?’ ಎಂದು ಹಿಂದಿನ ದಿನವೇ ಗದರಿದ್ದಳು. ಆದರೂ ಸದಾನಂದ ಹೇಳಿಬಿಟ್ಟ. ‘ಅಮ್ಮ ವಾಪಸು ಹೊರಟಿದ್ರು ಮಾರಾಯ್ರೆ. ನಿಲ್ಸಿದ್ದು ನಾನು.’

ಧನುಷ್ ಕಾಫಿ ಮುಟ್ಟದೆ ಎದ್ದು ಹೋದ. ಸದಾನಂದ ಮುಖ ಮುಚ್ಚಿಕೊಂಡು ಅತ್ತ.

ವಿಚಾರಣೆಯಲ್ಲಿ ಅವನು ಎರಡನ್ನೂ ಹೇಳಿದ. ತಾನು ಜನರನ್ನು ತಡೆದದ್ದನ್ನು ಹೇಳುವಾಗ ಅಧಿಕಾರಿ ಸರಸರ ಬರೆದುಕೊಂಡರು. ಬೀಗದ ವಿಷಯಕ್ಕೆ ಬಂದಾಗ, ಅದು ಬೇರೆ ಇಲಾಖೆಯದ್ದು ಎಂದರು. ಮೂರು ತಿಂಗಳಿಗೆ ವರದಿ ಹೊರಬಿತ್ತು. ನಲವತ್ತು ಪುಟದಲ್ಲಿ ತಪ್ಪಿತಸ್ಥನೆಂದು ಹೆಸರಿದ್ದದ್ದು ಒಬ್ಬನದೇ, ‘ಹಿಂತಿರುಗುತ್ತಿದ್ದ ಭಕ್ತರನ್ನು ತಡೆದ ಹೋಟೆಲ್ ನೌಕರ ಸದಾನಂದ’. ತಪ್ಪು ಒಪ್ಪಿಕೊಂಡವನು ಸಿಕ್ಕ ಮೇಲೆ ಇನ್ನೊಬ್ಬನನ್ನು ಹುಡುಕುವ ತೊಂದರೆ ಯಾರಿಗೆ ಬೇಕು? ಯಜಮಾನರು ಅವನನ್ನು ಬಾಗಿಲಿನಿಂದ ಒಳಗಿನ ಉಗ್ರಾಣಕ್ಕೆ ಹಾಕಿದರು. ಅವನೂ ಎದುರಾಡಲಿಲ್ಲ.

ಅದೇ ವಾರ ಧನುಷ್ ವರದಿ ಹಿಡಿದು ಉಗ್ರಾಣಕ್ಕೇ ಬಂದ.

‘ಇದ್ರಲ್ಲಿ ಬೀಗದ ವಿಷ್ಯ ಎಲ್ಲೂ ಇಲ್ಲ.’

‘ನಾನು ಹೇಳಿದ್ದೆ.’

‘ಹೇಳಿರ್ತೀರಿ. ನಿಮ್ಮ ತಪ್ಪನ್ನೇ ಮುಚ್ಚಿಡದವರು ಅದನ್ನ ಬಿಟ್ಟಿರ್ತೀರಾ?’ ಧನುಷ್ ಬೇಳೆ ಮೂಟೆಯ ಮೇಲೆ ಕೂತ. ‘ನಾನು ಕೋರ್ಟಿಗೆ ಹೋಗ್ತಿದೀನಿ. ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ ಅಂಕಲ್. ಆದ್ರೆ ಸಾಕ್ಷಿಗೆ ನೀವೇ ಬೇಕು.’

‘ಬರ್ತೇನೆ’ ಎಂದ ಸದಾನಂದ. ‘ಅಲ್ಲಿಯೂ ಮೊದ್ಲು ನಂದೇ ಹೇಳ್ತೇನೆ.’