ಚಾಕಣದಲ್ಲಿ ಹೇಳಿದ ಒಡಪು

ಪುಣೆಯಿಂದ ಚಾಕಣಕ್ಕೆ ಹೋಗುವ ಬಸ್ಸು ನಡುದಾರಿಯಲ್ಲಿ ಕೆಡಬಹುದಿತ್ತು, ಶಾಂತವ್ವ ಕಾಗದಪತ್ರಗಳ ಚೀಲವನ್ನು ಸೀಟಿನಲ್ಲೇ ಬಿಟ್ಟು ಇಳಿಯಬಹುದಿತ್ತು, ಇಂಗ್ಲಿಷ್ ಕಿವಿಗೆ ಬಿದ್ದೊಡನೆ ಅವಳ ನಾಲಗೆ ಒಣಗಬಹುದಿತ್ತು, ಅದಕ್ಕೂ ಮೊದಲು ನನ್ನದೇ ಒಣಗಬಹುದಿತ್ತು. ಸಂದರ್ಶನ ಅವಳದು, ರಕ್ತದೊತ್ತಡದ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೊರಟವನು ನಾನು. ಆತಂಕ ನನಗೆ ನಿತ್ಯಕರ್ಮ. ಒಂದು ದಿನ ತಪ್ಪಿದರೆ ಏನಾದೀತೋ ಎಂಬ ಇನ್ನೊಂದು ಆತಂಕ.

ಶಾಂತವ್ವ ನಮ್ಮ ಕೆಳಮನೆಯವಳು, ವಿಜಯಪುರದ ಕಡೆಯವಳು. ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಎಂಟು ವರ್ಷ ರೊಟ್ಟಿ ಬಡಿದವಳಿಗೆ ಈಗ ಅಲ್ಲಿಯೇ ಮೇಲ್ವಿಚಾರಕಿಯಾಗುವ ಅವಕಾಶ ಬಂದಿತ್ತು; ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿ ತೋರಿಸಿದರೆ ಸಾಕು. ಶಿವಾಜಿನಗರದ ಕಾಲೇಜಿನಲ್ಲಿ ಇಂಗ್ಲಿಷ್ ವ್ಯಾಕರಣವನ್ನೇ ನಂಬಿ ಬದುಕುತ್ತಿರುವ ನಾನು, ಚಟ ಬಿಡಲಾರದೆ, ಸಂಕೀರ್ಣ ವಾಕ್ಯದಿಂದಲೇ ಪಾಠ ಆರಂಭಿಸಿ, ನಾಮಪದಕ್ಕೆ ಜೋತುಬಿದ್ದು ಅದರ ಗುಣಗಾನ ಮಾಡುವ ವಿಶೇಷಣ ಉಪವಾಕ್ಯವನ್ನು ಅರ್ಧ ಗಂಟೆ ವಿವರಿಸಿದೆ.

"ಇಷ್ಟ ಹೇಳಾಕ ಅಷ್ಟ್ಯಾಕ ಒದ್ದಾಡ್ತೀರಿ ಸರ? 'ಕೆಲಸಾ ಬಿಟ್ಟು ಓಡಿಹೋದ ಅಡಗಿಯಂವ' ಅಂದಂಗ ಅಲ್ಲೇನ್ರಿ?"

ಹೌದಲ್ಲ! ನಮ್ಮ ಭಾಷೆ ವಿವರವನ್ನೆಲ್ಲ ಮುಂದೆ ಕಳಿಸಿ ಮನುಷ್ಯನನ್ನು ಕೊನೆಗೆ ಕರೆತರುತ್ತದೆ. ಇಂಗ್ಲಿಷ್ ಮನುಷ್ಯನನ್ನು ಮೊದಲು ಕೂರಿಸಿ ಆಮೇಲೆ ಜಾತಕ ಓದುತ್ತದೆ. ಅಷ್ಟೇ.

ಸಂದರ್ಶನದ ಕೋಣೆಯ ಬಾಗಿಲು ಅರೆತೆರೆದಿತ್ತು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಮೊದಲ ಪ್ರಶ್ನೆಯೇ ಗಂಡನ ಹೆಸರು. ನಾನು ಜೇಬಿನಲ್ಲಿ ಮಾತ್ರೆ ತಡಕಿದೆ. ಗಂಡನ ಹೆಸರನ್ನು ಬರಿದೇ ಉಚ್ಚರಿಸುವವಳಲ್ಲ ಅವಳು. ಅವಳ ಸೀಮೆಯಲ್ಲಿ ಅದನ್ನು ಒಡಪಿನೊಳಗೆ, ಅಂದರೆ ಒಂದೆರಡು ಸಾಲಿನ ಪದ್ಯದೊಳಗೆ, ಹುದುಗಿಸಿಯೇ ಹೇಳಬೇಕು. ಒಳಗಿನಿಂದ ಅವಳ ಗಟ್ಟಿ ದನಿ:

"ದ ಮ್ಯಾನ್ ಹೂ ಡ್ರೈವ್ಸ್ ದ ಬಸ್ ದ್ಯಾಟ್ ಗೋಸ್ ಟು ಬಾರಾಮತಿ, ದ ಮ್ಯಾನ್ ಹೂ ಈಟ್ಸ್ ಮೈ ರೊಟ್ಟಿ ಅಂಡ್ ಸೇಸ್ ನಥಿಂಗ್, ಈಸ್ ಮಲ್ಲಿಕಾರ್ಜುನ!"

"ಅಗಬಾಯಿ, ಉಖಾಣಾ!" ಎಂದು ಮರಾಠಿ ಅಧಿಕಾರಿಣಿ ಮೇಜು ಬಡಿದು ನಕ್ಕರು. ನಮ್ಮ ಒಡಪೇ ಅವರ ಉಖಾಣಾ. ಅವರ ಮದುವೆಮನೆಯಲ್ಲೂ ಅದಿಲ್ಲದೆ ಹೆಸರು ಹೊರಬೀಳುವುದಿಲ್ಲ. ಮುಂದಿನ ಪ್ರಶ್ನೆಗಳೆಲ್ಲ ಹರಟೆಯಂತೆ ಸಾಗಿ, ಹುದ್ದೆ ಅಲ್ಲಿಯೇ ಖಚಿತವಾಯಿತು.

ಇಷ್ಟಾದ ಮೇಲೆ ಕೆಟ್ಟದ್ದು ಒಂದೇ. ಕಲಿಸಿದ ಗುರುವನ್ನು ನೋಡಲೆಂದು ಹೊರಬಂದ ಆ ಅಧಿಕಾರಿಣಿ, "ಆತಾ ಸರಾಂಚಾ ಉಖಾಣಾ!" ಎಂದು, ಈಗ ಸರದಿ ನನ್ನದೆನ್ನುತ್ತ, ನನ್ನ ಹೆಂಡತಿಯ ಹೆಸರಿಗೆ ಗಂಟುಬಿದ್ದರು. ಅವರಲ್ಲಿ ಗಂಡಸರಿಗೂ ವಿನಾಯಿತಿಯಿಲ್ಲವಂತೆ. ಇಪ್ಪತ್ತೈದು ವರ್ಷ ಉಪವಾಕ್ಯಗಳನ್ನು ಬೋಧಿಸಿದ ನನ್ನ ಬಾಯಿಂದ ಬಂದದ್ದು, ನೀವು ನಂಬಬೇಕು, "ವಿಮಲಾ" ಎಂಬ ಮೂರಕ್ಷರ ಮಾತ್ರ.

ನಾನು ಮನೆ ಸೇರುವ ಮೊದಲೇ ಶಾಂತವ್ವನ ಫೋನು ಸೇರಿತ್ತು. ವಿಮಲಾ ಚಹಾದ ಕಪ್ಪನ್ನು ನನ್ನ ಮುಂದಿಟ್ಟು, ಕೈ ತೆಗೆಯದೆಯೇ ಕೇಳಿದಳು:

"ಆಕಿ ಗಂಡಗ ಎರಡೆರಡು ಉಪವಾಕ್ಯ ಹಚ್ಚ್ಯಾಳ. ನನಗ ಒಂದೂ ಸಿಗಲಿಲ್ಲೇನ್ರಿ?"