ಖಾಲಿ ಹಾಸಿಗೆಗಳು ಮತ್ತು ಜೋರಮ್ಮ

ಹೃದಯದ ವಾರ್ಡಿನ ಹಿರಿಯ ನರ್ಸಿಗೆ ಜೋರಮ್ಮ ಅಂತ ಹೆಸರಿಟ್ಟವರು ರೋಗಿಗಳೇ. ಬಾಗಿಲ ಬಳಿ ನಿಂತು ಅವಳು ಒಂದು ಮಾತು ಆಡಿದರೆ ಸಾಕು, ಕೊನೆಯ ಹಾಸಿಗೆಯವನೂ ತೆಪ್ಪಗೆ ಮಾತ್ರೆ ನುಂಗುತ್ತಿದ್ದ. ಬಾಯಿ ಜೋರು, ಕೈ ಮಾತ್ರ ಹೂವು. ಅವಳು ಸೂಜಿ ಚುಚ್ಚಿದ್ದು ಎಷ್ಟೋ ಮಂದಿಗೆ ಗೊತ್ತೇ ಆಗುತ್ತಿರಲಿಲ್ಲ.

ಲಾಕ್‌ಡೌನ್ ಬಂದಮೇಲೆ ಅವಳ ವಾರ್ಡು ಬಿಕೋ ಎನ್ನತೊಡಗಿತು. ಕೆಳಗೆ ಕೊರೊನಾ ವಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲ, ಮೇಲೆ ಇವಳ ವಾರ್ಡಿನಲ್ಲಿ ಹಾಸಿದ ದುಪ್ಪಟಿ ಸುಕ್ಕೂ ಆಗುತ್ತಿಲ್ಲ. "ಹೃದಯದ ಕಾಯಿಲೆಗೂ ರಜ ಕೊಟ್ಟುಬಿಟ್ರು ಅಂತ ಕಾಣುತ್ತೆ ಸಿಸ್ಟರ್," ಎಂದು ಲಿಫ್ಟಿನವನು ನಕ್ಕ. ಜೋರಮ್ಮನಿಗೆ ನಗು ಬರಲಿಲ್ಲ. ಹೃದಯದ ಕವಾಟಕ್ಕೆ ಸೋಂಕು ತಗುಲಿ, ವಾರಗಟ್ಟಲೆ ಡ್ರಿಪ್ ಹಾಕಿಸಿಕೊಂಡು ಮಲಗುವವರು ಒಬ್ಬಿಬ್ಬರಾದರೂ ಅಲ್ಲಿ ಯಾವಾಗಲೂ ಇರುತ್ತಿದ್ದರು. ಈಗ ಒಬ್ಬರೂ ಇಲ್ಲ.

"ಅವರೆಲ್ಲ ಎಲ್ಲಿ ಹೋದ್ರು ಡಾಕ್ಟ್ರೇ?"

"ಮನೇಲೇ ಇದ್ದಾರೆ," ಎಂದರು ಡಾಕ್ಟರು. "ಜ್ವರ ಅಂದ್ರೆ ಎಲ್ಲಿ ಎತ್ತಾಕ್ಕೊಂಡು ಹೋಗ್ತಾರೋ ಅಂತ ಹೆದರಿ, ಮಾತ್ರೆ ನುಂಗಿ ಮಲಗಿರ್ತಾರೆ. ನನಗೂ ಅದೇ ಚಿಂತೆ."

ಆ ಚಿಂತೆ ಸುಳ್ಳಾಗಲಿಲ್ಲ. ಹಿಂದೆ ಅದೇ ವಾರ್ಡಿನಲ್ಲಿ ಕವಾಟ ಬದಲಿಸಿಕೊಂಡು ಹೋಗಿದ್ದ ಬಸ್ ಕಂಡಕ್ಟರೊಬ್ಬರನ್ನು ಹೊತ್ತು ತಂದರು. ಮೈಯ ಒಂದು ಕಡೆಗೆ ಸ್ವಾಧೀನವೇ ಇರಲಿಲ್ಲ. ಬಹಳ ದಿನದಿಂದ ಸಂಜೆಯಾದರೆ ಸಣ್ಣ ಜ್ವರ ಬರುತ್ತಿತ್ತಂತೆ. ಆತ ಬಾಯಿ ಬಿಟ್ಟಿರಲಿಲ್ಲ. ಕವಾಟದ ಮೇಲೆ ಬೆಳೆದ ಸೋಂಕಿನ ಚೂರೊಂದು ಕಳಚಿ ಮೆದುಳಿಗೆ ಹೋಗಿತ್ತು. ಆತ ಉಳಿಯಲಿಲ್ಲ.

ಆ ದಿನ ಜೋರಮ್ಮ ಮನೆಗೆ ಬಂದು ತನಗಾಗಿ ಬೇರೆ ಮಾಡಿಟ್ಟಿದ್ದ ಕೋಣೆಯಲ್ಲಿ ಕೂತು ಅತ್ತಳು. ಅತ್ತೆ ಬಾಗಿಲಾಚೆ ಊಟದ ತಟ್ಟೆ ಇಟ್ಟರು.

"ಅತ್ತಿದ್ದಾಯ್ತಾ? ಆಗಿದ್ರೆ ಊಟ ಮಾಡು. ಹೋದವನು ಹೋದ. ಉಳಿದೋರು ಇದ್ದಾರಲ್ಲ, ಅವರನ್ನ ನೋಡು."

ಮರುದಿನ ಅವಳು ಡಾಕ್ಟರ ಮುಂದೆ ನಿಂತಳು. "ಅವರು ಬರದಿದ್ರೆ ನಾವೇ ಕರೆಯೋಣ." ಡಾಕ್ಟರು ಮೇಲಧಿಕಾರಿಗಳೊಂದಿಗೆ ಗುದ್ದಾಡಿ, ಕೊರೊನಾ ವಾರ್ಡಿನ ಗಾಳಿಯೂ ಸೋಕದಂತೆ ಹಿಂದಿನ ಮೆಟ್ಟಿಲ ದಾರಿ ತೆರೆಸಿಕೊಟ್ಟರು. ಬದಲಿಸಿದ ಕವಾಟಕ್ಕೆ ಸೋಂಕು ಬೇಗ ತಗಲುತ್ತದೆಂದು, ಅಂಥ ಹಳೇ ರೋಗಿಗಳಿಗೆಲ್ಲ ಜೋರಮ್ಮ ಫೋನು ಹಚ್ಚಿ ಕೂತಳು.

ಟೈರ್ ಅಂಗಡಿಯವನೊಬ್ಬ, "ಕಲ್ಲುಗುಂಡಿನ ಹಾಗಿದ್ದೀನಿ ಸಿಸ್ಟರ್," ಎಂದ. ಅಷ್ಟು ಹೇಳುವುದರೊಳಗೆ ಎರಡು ಸಲ ಉಸಿರು ಎಳೆದುಕೊಂಡ.

"ಕಲ್ಲುಗುಂಡಿಗೆ ಯಾಕಪ್ಪ ಮೇಲುಸಿರು? ಫೋನ್ ನಿನ್ನ ಹೆಂಡ್ತಿಗೆ ಕೊಡು."

ಹೆಂಡತಿ ಮೊದಲು ತಡವರಿಸಿದಳು, ಆಮೇಲೆ ದನಿ ತಗ್ಗಿಸಿದಳು. "ಜ್ವರ ಬಿಟ್ಟೇ ಇಲ್ಲ ಅಕ್ಕ. ಅಂಗಿ ಎಲ್ಲ ಸಡಿಲ ಆಗಿದೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ಬೀದಿಯವರಿಗೆ ಗೊತ್ತಾದ್ರೆ ನಮ್ಮನ್ನ ದೂರ ಇಡ್ತಾರೆ ಅಂತ."

"ಆ ಆಣೆ ನನ್ನ ತಲೆ ಮೇಲಿರಲಿ. ಇವತ್ತೇ ಕರ್ಕೊಂಡು ಬಾ. ಹಿಂದಿನ ಮೆಟ್ಟಿಲ ಹತ್ರ ನಾನೇ ನಿಂತಿರ್ತೀನಿ."

ಬಂದರು. ಅವಳು ನಿಂತಿದ್ದಳು. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಆಗಿ, ಕವಾಟಕ್ಕೆ ಸೋಂಕು ತಗುಲಿರುವುದು ಖಚಿತವಾಯಿತು. ಆದರೆ ಕವಾಟ ಇನ್ನೂ ಕೆಟ್ಟಿರಲಿಲ್ಲ. ಹೆಂಡತಿಯನ್ನು ಒಳಗೆ ಬಿಡುವಂತಿರಲಿಲ್ಲ, ಹಾಗಾಗಿ ದಿನವೂ ಜೋರಮ್ಮನೇ ಫೋನು ಹಿಡಿದು ಅವನ ಮುಖ ತೋರಿಸುತ್ತಿದ್ದಳು. ಡ್ರಿಪ್ ಮುಗಿಯುವ ಲಕ್ಷಣವೇ ಕಾಣದೆ ಅವನಿಗೆ ಬೇಜಾರು ಹತ್ತಿತು.

"ಒಂದು ಪಂಕ್ಚರಿಗೆ ನಾನು ಇಷ್ಟು ದಿನ ತಗೊಂಡಿದ್ರೆ ಗಿರಾಕಿ ಓಡಿ ಹೋಗ್ತಿದ್ದ ಸಿಸ್ಟರ್."

"ನೀನು ಚಕ್ರ ಬಿಚ್ಚಿಟ್ಕೊಂಡು ಪಂಕ್ಚರ್ ಹಾಕ್ತೀಯ. ನಾವು ಗಾಡಿ ಓಡ್ತಿರುವಾಗಲೇ ಹಾಕಬೇಕಲ್ಲ."

ಮತ್ತೆ ಎದೆ ಕೊಯ್ಯಿಸಿಕೊಳ್ಳದೆ ಅವನು ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ಅವನ ಹಿಂದೆ ಇನ್ನೂ ಕೆಲವರು ಆ ಮೆಟ್ಟಿಲು ಹತ್ತಿ ಬಂದರು. ಎಲ್ಲರೂ ಉಳಿದರು ಅಂತಲ್ಲ. ತಡವಾಗಿ ಬಂದ ಒಬ್ಬ ಹೆಂಗಸು ಜೋರಮ್ಮನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಮರುದಿನ ಬೆಳಿಗ್ಗೆ ಜೋರಮ್ಮ ಮತ್ತೆ ಫೋನಿನ ಮುಂದೆ ಕೂತಿದ್ದಳು.

ಲಾಕ್‌ಡೌನ್ ಹೋಯಿತು, ವಾರ್ಡು ತುಂಬಿತು, ಆದರೆ ಫೋನು ಮಾಡುವ ಕೆಲಸ ಮಾತ್ರ ನಿಲ್ಲಲಿಲ್ಲ. ಹೊಸದಾಗಿ ಸೇರಿದ ನರ್ಸುಗಳಿಗೆ ಅವಳು ಕಲಿಸುವುದು ಇಷ್ಟೇ: "ಹೇಗಿದ್ದೀರಿ ಅಂತ ರೋಗೀನ ಕೇಳಿದ್ರೆ ಚೆನ್ನಾಗಿದ್ದೀನಿ ಅಂತಾನೇ ಹೇಳ್ತಾರೆ. ಫೋನ್ ಮನೆಯವರಿಗೆ ಕೊಡಿ ಅನ್ನಿ."